ಮೊದಲೇ ಹಾಕಿದ ಬಿಕ್ಕಲಂ

ಕಳೆದ ವಾರ ಮಂಡಿನೋವಿಗೆ ಔಷಧಿ ತರಲು ಪಿರಿಯಾಪಟ್ಟಣಕ್ಕೆ ಹೋಗಿದ್ದೆ. ಹುಣಸೂರು ದಾಟಿ ಸ್ವಲ್ಪ ದೂರ ಹೋಗುತ್ತಲೇ ಬಸ್ಸಿನ ಕಿಟಕಿಯಿಂದ ಹೊಗೆಸೊಪ್ಪು ಬೇಯುವ ವಾಸನೆ ಬಂತು. ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಮಳೆಗಾಲದಲ್ಲಿ ಊರೂರಿನಲ್ಲೂ ಸೊಪ್ಪು ಬೇಯಿಸುವ ಬ್ಯಾರನ್ನುಗಳ ಒಲೆಗೆ ಬೆಂಕಿ ಹಾಕಿದರೆ, ಹಸಿ ಎಲೆ ಹಳದಿಗೆ ತಿರುಗುವ ಆ ಸಿಹಿಗಂಪು ಒದ್ದೆ ಗಾಳಿಯಲ್ಲಿ ಸೇರಿ ರಸ್ತೆಯುದ್ದಕ್ಕೂ ನಿಂತಿರುತ್ತದೆ. ಪಕ್ಕದಲ್ಲಿ ಕೂತವರು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡರು. ನಾನು ಕಿಟಕಿಯ ಗಾಜನ್ನು ಇನ್ನಷ್ಟು ಸರಿಸಿದೆ. ನಾಲ್ಕು ವರ್ಷದ ಹಿಂದಿನ ಒಂದು ಮಳೆಗಾಲ ಬಂದು ಎದೆಯ ಮೇಲೆ ಕೂತಿತು. ಅದನ್ನು ಅವರಿವರ ಮುಂದೆ ತುಂಡು ತುಂಡಾಗಿ ಹೇಳಿದ್ದೇನೆ, ಪೂರ್ತಿಯಾಗಿ ಯಾರಿಗೂ ಹೇಳಿಲ್ಲ. ನನಗೀಗ ಎಪ್ಪತ್ತೆಂಟು. ಇನ್ನು ಬಚ್ಚಿಟ್ಟು ಏನು ಮಾಡಲಿ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಹುಣಸೂರಿನ ವಕೀಲರೊಬ್ಬರ ಆಫೀಸಿಗೆ ಗುಮಾಸ್ತನಾಗಿ ಸೇರಿದಾಗ ಮೀಸೆ ಸರಿಯಾಗಿ ಬಂದಿರಲಿಲ್ಲ. ಅಲ್ಲೇ ಪತ್ರ ಬರೆಯುವುದನ್ನು ಕಲಿತೆ. ಕ್ರಯಪತ್ರ, ವಿಭಾಗಪತ್ರ, ಉಯಿಲು, ಯಾವುದಿದ್ದರೂ ನನ್ನ ಅಕ್ಷರವೇ ಆಗಬೇಕು ಎಂದು ಕೆ.ಆರ್. ನಗರದಿಂದಲೂ ಎಚ್.ಡಿ. ಕೋಟೆಯಿಂದಲೂ ಜನ ಬರುತ್ತಿದ್ದರು. ಕಂಪ್ಯೂಟರು ಬಂದ ಮೇಲೂ ಹಳ್ಳಿಯ ಮುದುಕರು ಉಯಿಲನ್ನು ಮಾತ್ರ ಕೈಬರಹದಲ್ಲೇ ಕೇಳುತ್ತಿದ್ದರು. ಪತ್ರದ ಕೊನೆಯಲ್ಲಿ, ಬರೆಸಿದವರ ರುಜು ಅಥವಾ ಹೆಬ್ಬೆಟ್ಟಿಗೆ ಜಾಗ ಬಿಟ್ಟು, ಸಾಕ್ಷಿಗಳಿಗೆ ಜಾಗ ಬಿಟ್ಟು, ತೀರ ಕೆಳಗೆ ಬರೆದವನು ತನ್ನ ಹೆಸರು ಹಾಕಬೇಕು. ಅದಕ್ಕೆ ಬಿಕ್ಕಲಂ ಎನ್ನುತ್ತಾರೆ. ‘ಬಿಕ್ಕಲಂ ನಂಜಪ್ಪ, ಹುಣಸೂರು’ ಎಂದು ಬರೆದು ಕೆಳಗೊಂದು ಗೆರೆ ಎಳೆದರೆ ನನಗೆ ಊಟ ಮಾಡಿ ಕೈ ತೊಳೆದಷ್ಟು ನೆಮ್ಮದಿ. ಹಾಗಾಗಿ ಅದನ್ನು ನನ್ನ ಮೇಜಿನ ಮೇಲೆಯೇ, ಅದೇ ಪೆನ್ನಿನಲ್ಲಿ, ಕೂತ ಹಾಗೆಯೇ ಮುಗಿಸಿಬಿಡುತ್ತಿದ್ದೆ. ಹೆಬ್ಬೆಟ್ಟು, ಸಾಕ್ಷಿ ಎಲ್ಲ ಆಮೇಲೆ. ಯಾರದೋ ಜಗಲಿಯ ಮೇಲೆ, ಕೋಳಿ ಓಡಾಡುವ ಜಾಗದಲ್ಲಿ, ತೊಡೆಯ ಮೇಲೆ ಹಲಗೆಯಿಟ್ಟುಕೊಂಡು ಬಿಕ್ಕಲಂ ಹಾಕಿದರೆ ಅಕ್ಷರ ಕೆಡುತ್ತದೆ ಎಂಬುದು ನನ್ನ ಜಂಬವಾಗಿತ್ತು.

ಆ ವರ್ಷ ನಮ್ಮ ಆಫೀಸನ್ನು ನಡೆಸುತ್ತಿದ್ದವರು ವಕೀಲೆ ಸುಮಿತ್ರಾ. ಹಳೆಯ ವಕೀಲರ ಕೈಕೆಳಗೆ ಕಲಿತು, ಅವರು ತೀರಿಕೊಂಡ ಮೇಲೆ ಆಫೀಸನ್ನೂ ನನ್ನನ್ನೂ ಒಟ್ಟಿಗೆ ವಹಿಸಿಕೊಂಡವರು. ಮೃಗಶಿರ ಮಳೆ ಹಿಡಿದ ದಿನ ಬೆಳಿಗ್ಗೆ ಅವರು ಹೇಳಿದರು:

“ನಂಜಪ್ಪಣ್ಣ, ಶನಿವಾರ ಮಧ್ಯಾಹ್ನ ವಕೀಲರ ಸಂಘದ ಹಾಲಿನಲ್ಲಿ ಪಾಠ ಇಟ್ಟುಕೊಂಡಿದ್ದೀವಿ. ಎಂಟು ಶನಿವಾರ. ಉಯಿಲು, ವಾರಸು, ಟ್ರಸ್ಟು, ಇವಷ್ಟೇ. ಹಾಜರಿ ಪುಸ್ತಕ ನೀವು ನೋಡ್ಕೊಳ್ಳಿ.”

“ಪಾಠ ಯಾರಿಗಮ್ಮ?”

“ವಕೀಲರಿಗೆ.”

“ಓದಿ ಮುಗಿಸಿದೋರಿಗಾ?”

“ಮುಗೀತು ಅಂದ್ಕೊಂಡಿದೀವಲ್ಲ, ಅದಕ್ಕೇ.”

ಮೊದಲ ಶನಿವಾರ ಹಾಲಿನ ತಗಡಿನ ಚಾವಣಿಯ ಮೇಲೆ ಮಳೆ ಸುರಿಯುತ್ತಿತ್ತು. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ನಲವತ್ತು ಜನ ವಕೀಲರು. ಕೋರ್ಟಿನಲ್ಲಿ ಒಬ್ಬರ ಮುಖ ಒಬ್ಬರು ನೋಡದವರು ಒಂದೇ ಸಾಲಿನಲ್ಲಿ ಮಕ್ಕಳ ಹಾಗೆ ನೋಟುಪುಸ್ತಕ ಬಿಚ್ಚಿಕೊಂಡು ಕೂತಿದ್ದರು. ಅವರಲ್ಲೆಲ್ಲ ಹಿರಿಯರಾದ ಬಸವರಾಜು ವಕೀಲರು, ನನಗಿಂತ ಎರಡು ವರ್ಷ ದೊಡ್ಡವರು, ಹಾಜರಿಗೆ ರುಜು ಮಾಡುತ್ತ ಗೊಣಗಿದರು: “ನೋಡಯ್ಯ ನಂಜಪ್ಪ, ಮೊಮ್ಮಗಳು ಬೆಳಿಗ್ಗೆ ಕೇಳ್ತಾಳೆ, ತಾತ ನಿಂಗೂ ಹೋಂವರ್ಕ್ ಕೊಡ್ತಾರಾ ಅಂತ.” ಆದರೂ ಅವರು ಒಂದು ಶನಿವಾರವೂ ತಪ್ಪಿಸಲಿಲ್ಲ.

ಪಾಠ ಹೇಳಲು ಬಂದವರು ಮೈಸೂರಿನ ಹಿರಿಯ ವಕೀಲೆ. ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು, ನಾನೂ ಹಾಗೇ ಎನ್ನುತ್ತೇನೆ. ಬಿಳಿ ಕೂದಲು, ಹತ್ತಿ ಸೀರೆ, ಕೈಯಲ್ಲಿ ಪುಸ್ತಕವಿಲ್ಲ. ಬಂದವರೇ ಒಂದು ಖಾಲಿ ಹಾಳೆಯನ್ನು ಎತ್ತಿ ತೋರಿಸಿದರು.

“ಬೇರೆ ಎಲ್ಲ ಪತ್ರಗಳೂ ಬರೆಸಿದವರು ಬದುಕಿರುವಾಗಲೇ ಕೆಲಸ ಮಾಡುತ್ತವೆ. ತಪ್ಪಿದ್ದರೆ ಅವರನ್ನೇ ಕರೆದು ಕೇಳಬಹುದು. ಉಯಿಲು ಬಾಯಿ ತೆರೆಯುವುದು ಬರೆಸಿದವರ ಬಾಯಿ ಮುಚ್ಚಿದ ದಿನ. ಆಮೇಲೆ ಅವರ ಪರವಾಗಿ ಮಾತಾಡಲು ಉಳಿಯುವುದು ಈ ಹಾಳೆ, ಮತ್ತು ಇದಕ್ಕೆ ರುಜು ಹಾಕಿದ ಇಬ್ಬರ ಕಣ್ಣು.”

ನಾನು ಕೊನೆಯ ಸಾಲಿನ ಹಿಂದೆ ಟೀ ಕ್ಯಾನಿನ ಪಕ್ಕ ನಿಂತಿದ್ದೆ. ನೂರಾರು ಉಯಿಲು ಬರೆದವನು ನಾನು. ಇಷ್ಟು ವರ್ಷ ನಾನು ಬರೆದದ್ದು ಬರಿಯ ಅಕ್ಷರ ಅಂದುಕೊಂಡಿದ್ದೆ. ಸತ್ತವರ ನಾಲಿಗೆಯನ್ನು ಕೈಯಲ್ಲಿ ಹಿಡಿದಿದ್ದೆ ಎಂದು ಯಾರೂ ಹೇಳಿರಲಿಲ್ಲ.

ಮೂರನೆಯ ಶನಿವಾರ ಪುನರ್ವಸು ಮಳೆ. ಅಂದು ಮೇಡಂ ನಾಟಕ ಆಡಿಸಿದರು. ಬಸವರಾಜು ವಕೀಲರನ್ನು ಬೆಂಚಿನ ಮೇಲೆ ಮಲಗಿಸಿ ಉಯಿಲು ಬರೆಸುವ ಮುದುಕನನ್ನಾಗಿ ಮಾಡಿದರು. ಇಬ್ಬರು ವಕೀಲರು ಸಾಕ್ಷಿಗಳು. ಬಸವರಾಜು ಹೆಬ್ಬೆಟ್ಟು ಒತ್ತುವಾಗ ಒಬ್ಬ ಸಾಕ್ಷಿಯನ್ನು ಫೋನು ಬಂತೆಂದು ಹೊರಗೆ ಕಳಿಸಿದರು. ಅವನು ಒಳಗೆ ಬಂದು ಸುಮ್ಮನೆ ರುಜು ಹಾಕಿದ.

“ಈಗ ಮುದುಕರು ತೀರಿಕೊಂಡರು” ಎಂದರು ಮೇಡಂ.

“ಅಯ್ಯೋ, ಟೀನಾದ್ರೂ ಕುಡೀತಿದ್ದೆ” ಎಂದರು ಬಸವರಾಜು.

“ಸತ್ತವರು ಮಾತಾಡಬಾರದು. ಈಗ ಹೇಳಿ, ಹೊರಗೆ ಹೋಗಿದ್ದವರ ಸಾಕ್ಷಿ ನಿಲ್ಲುತ್ತದೆಯೇ?”

ನಿಲ್ಲುವುದಿಲ್ಲ ಎಂದು ಅವರೇ ಬಿಡಿಸಿ ಹೇಳಿದರು. ಸಾಕ್ಷಿ ಇಬ್ಬರು ಬೇಕು. ಒಬ್ಬೊಬ್ಬರೂ ರುಜು ಬೀಳುವುದನ್ನು ಕಣ್ಣಾರೆ ಕಂಡಿರಬೇಕು, ಇಲ್ಲವೇ ಬರೆಸಿದವರು ‘ಇದು ನನ್ನದೇ ರುಜು’ ಎಂದು ತಮ್ಮ ಬಾಯಿಂದ ಅವರಿಗೆ ಹೇಳಿರಬೇಕು. ಆಮೇಲೆ, ಬರೆಸಿದವರ ಎದುರಿಗೇ ತಾವು ರುಜು ಹಾಕಬೇಕು. ಇಬ್ಬರೂ ಒಟ್ಟಿಗೇ ಇರಬೇಕೆಂದಿಲ್ಲ, ಆದರೆ ಇಬ್ಬರೂ ನಿಜವಾದ ಸಾಕ್ಷಿಗಳಾಗಿರಬೇಕು. ಆಗ ಯಾರೋ ಕೇಳಿದರು, ಒಬ್ಬ ಸಾಕ್ಷಿ ಕೈಕೊಟ್ಟರೆ ಬಿಕ್ಕಲಂ ಹಾಕಿದವನನ್ನು ಎರಡನೆಯ ಸಾಕ್ಷಿ ಎನ್ನಬಹುದೇ ಎಂದು. ಮೇಡಂ ಹಾಲಿನ ಹಿಂದಕ್ಕೆ ನೋಡಿದರು.

“ಇಲ್ಲೇ ಅನುಭವಸ್ಥರಿದ್ದಾರಲ್ಲ. ಗುಮಾಸ್ತರೇ, ನೀವು ಬಿಕ್ಕಲಂ ಯಾವಾಗ ಹಾಕುತ್ತೀರಿ?”

ನಾನು ಎದೆಯುಬ್ಬಿಸಿ ಹೇಳಿದೆ: “ಬರೆದು ಮುಗಿದ ತಕ್ಷಣ ಮೇಡಂ. ಮೇಜಿನ ಮೇಲೇ. ಅವರ ಮನೆಗೆ ಹೋಗೋ ಹೊತ್ತಿಗೆ ಪತ್ರ ಸಂಪೂರ್ಣವಾಗಿರುತ್ತೆ.”

ಅವರು ನನಗೆ ನೋವಾಗದ ಹಾಗೆ ಮೆಲ್ಲಗೆ ಹೇಳಿದರು: “ಅಂದರೆ ಹೆಬ್ಬೆಟ್ಟು ಬೀಳುವ ಮೊದಲೇ ನಿಮ್ಮ ರುಜು ಬಿದ್ದಿರುತ್ತದೆ. ಆಗಿಲ್ಲದ್ದನ್ನು ಕಂಡೆ ಎಂದು ಯಾರೂ ಹೇಳಲಾಗದು. ನೀವು ಬರೆದವರು. ಸಾಕ್ಷಿಯಲ್ಲ.”

ಯಾರೂ ನಗಲಿಲ್ಲ. ನಾನು ಟೀ ಲೋಟಗಳನ್ನು ಜೋಡಿಸುವವನ ಹಾಗೆ ಬಗ್ಗಿದೆ. ಬಗ್ಗಿದಾಗ ಕಣ್ಣ ಮುಂದೆ ಬಂದದ್ದು ಚಿಕ್ಕತಾಯಮ್ಮನ ಹೆಬ್ಬೆಟ್ಟು.

ಚಿಕ್ಕತಾಯಮ್ಮ ಬೆಟ್ಟದಪುರದ ಹತ್ತಿರದ ಒಂದು ಹಳ್ಳಿಯವಳು. ಗಂಡ ಬೇಗ ಸತ್ತು ತವರಿಗೆ ಬಂದಳು. ಅವಳಪ್ಪ ತೀರಿಕೊಂಡಾಗ ಅಣ್ಣನಿಗೂ ಇವಳಿಗೂ ಜಮೀನು ಹಂಚಿಕೆಯಾಗಿ ಇವಳ ಪಾಲಿಗೆ ಎರಡು ಎಕರೆ ಬಂತು. ಅದರಲ್ಲೇ ಮಗನನ್ನು ಸಾಕಿದಳು, ನಾಗರತ್ನ ಎಂಬ ಹುಡುಗಿಯನ್ನು ತಂದು ಮದುವೆ ಮಾಡಿದಳು. ಮಗ ಒಂದು ಬ್ಯಾರನ್ನು ಕಟ್ಟಿದ, ಮಕ್ಕಳಾಗುವ ಮುಂಚೆ ಟ್ರ್ಯಾಕ್ಟರ್ ಮಗುಚಿ ಸತ್ತ. ಅಲ್ಲಿಂದ ಅತ್ತೆ ಸೊಸೆ ಇಬ್ಬರೇ ಹೊಗೆಸೊಪ್ಪು ಬೆಳೆದು ಬಾಳಿದರು. ಈ ಪಾಠಗಳಿಗೆ ಎರಡು ವರ್ಷ ಮುಂಚೆ ಚಿಕ್ಕತಾಯಮ್ಮ ನನ್ನಿಂದ ಉಯಿಲು ಬರೆಸಿದ್ದಳು, ಜಮೀನೂ ಬ್ಯಾರನ್ನೂ ರತ್ನಳಿಗೆ ಎಂದು. ಹೆಬ್ಬೆಟ್ಟು ಒತ್ತುವಾಗ ಪಕ್ಕದ ಮನೆಯ ಚನ್ನಬಸಪ್ಪ ಇದ್ದ, ನೋಡಿ ರುಜು ಹಾಕಿದ. ಎರಡನೆಯ ಸಾಕ್ಷಿ ಬರಬೇಕಾದವನು ಸಂತೆಗೆ ಹೋಗಿದ್ದ. “ಅದ್ಯಾವ ಮಹಾ, ನಾ ನೋಡ್ಕೋತೀನಿ” ಎಂದು ಪತ್ರವನ್ನು ಚೀಲದಲ್ಲಿಟ್ಟುಕೊಂಡು ಬಂದೆ. ಪಿರಿಯಾಪಟ್ಟಣದ ಬಸ್‌ಸ್ಟ್ಯಾಂಡ್ ಹತ್ತಿರ ಪಂಕ್ಚರ್ ಅಂಗಡಿಯ ಪುಟ್ಟಸ್ವಾಮಿ ಇದ್ದಾನಲ್ಲ, ಅವನದು ಮುತ್ತಿನಂಥ ರುಜು. ನಮ್ಮಂಥ ಬರಹಗಾರರೆಲ್ಲ ತುರ್ತಿಗೆ ಅವನ ಹತ್ತಿರವೇ ಹೋಗುತ್ತಿದ್ದುದರಿಂದ ಅವನಿಗೆ ರುಜು ಪುಟ್ಟಸ್ವಾಮಿ ಎಂದೇ ಹೆಸರು. ಟ್ಯೂಬಿಗೆ ಗಾಳಿ ಹೊಡೆಯುತ್ತಿದ್ದವನು ಕೈ ಒರೆಸಿಕೊಂಡು, ಯಾರದು ಏನು ಎಂದೂ ಕೇಳದೆ ರುಜು ಹಾಕಿದ. ಮರುದಿನ ಪತ್ರವನ್ನು ರತ್ನಳ ಕೈಗೆ ಕೊಟ್ಟು, “ಇದ ಯಾವ ಕೋರ್ಟೂ ಅಲ್ಲಾಡ್ಸಕ್ಕಾಗಲ್ಲ” ಎಂದಿದ್ದೆ.

ಆ ಮೂರನೆಯ ಶನಿವಾರ ಕಳೆದ ಸೋಮವಾರವೇ ನಾನು ಬೆಟ್ಟದಪುರದ ಬಸ್ಸು ಹತ್ತಬೇಕಿತ್ತು. ಚಿಕ್ಕತಾಯಮ್ಮ ಬದುಕಿದ್ದಳು, ಬುದ್ಧಿ ಸ್ಥಿಮಿತದಲ್ಲಿತ್ತು. ಒಂದು ಹಾಳೆ, ಇಬ್ಬರು ಸಾಕ್ಷಿ, ಅರ್ಧ ಗಂಟೆಯ ಕೆಲಸ. ನಾನು ಹೋಗಲಿಲ್ಲ. ಹೋದರೆ ಏನು ಹೇಳುವುದು? ಐವತ್ತು ವರ್ಷ ಪತ್ರ ಬರೆದವನಿಗೆ ಸಾಕ್ಷಿ ಹಾಕಿಸುವುದು ಗೊತ್ತಿರಲಿಲ್ಲ ಎಂದೇ? ಮಳೆ ಎಂದೆ, ಮಂಡಿ ಎಂದೆ. ಮನಸ್ಸಿನ ಮೂಲೆಯಲ್ಲಿ ಒಂದು ಸಮಾಧಾನವನ್ನೂ ಹುಡುಕಿಕೊಂಡೆ: ಉಯಿಲು ಬಿದ್ದರೆ ಬೀಳಲಿ, ಹೇಗೂ ಸೊಸೆಯಲ್ಲವೇ, ಅವಳಿಗೇ ಬರುತ್ತದೆ.

ಆ ಸಮಾಧಾನವನ್ನು ಮೇಡಂ ಐದನೆಯ ಶನಿವಾರ ಕಿತ್ತುಕೊಂಡರು. ಅಂದಿನ ಪಾಠ ಉಯಿಲಿಲ್ಲದೆ ತೀರಿಕೊಂಡ ಹೆಂಗಸಿನ ಆಸ್ತಿ. ಅವರು ಹಲಗೆಯ ಮೇಲೆ ಎರಡು ಮನೆ ಬರೆದರು, ನಡುವೆ ಒಂದು ಹೊಲ.

“ಹೆಂಗಸಿಗೆ ಮಕ್ಕಳಿಲ್ಲ, ಮೊಮ್ಮಕ್ಕಳಿಲ್ಲ. ಜಮೀನು ತಂದೆಯಿಂದ ವಾರಸಾಗಿ ಬಂದದ್ದು. ಆಗ ಕಾನೂನು ಅವಳ ಗಂಡನ ಕಡೆಗೆ ತಿರುಗಿಯೂ ನೋಡುವುದಿಲ್ಲ. ಈ ಮಣ್ಣು ಯಾವ ಬಾಗಿಲಿನಿಂದ ಬಂತು ಎಂದು ಕೇಳುತ್ತದೆ. ಬಂದ ಬಾಗಿಲಿಗೇ ಹಿಂದಿರುಗಿಸುತ್ತದೆ. ತಂದೆಯ ವಾರಸುದಾರರಿಗೆ.”

“ಜೊತೆಗಿದ್ದು ನೋಡಿಕೊಂಡ ಸೊಸೆ ಇದ್ದರೆ?” ಎಂದು ಸುಮಿತ್ರಾ ಕೇಳಿದರು. ಅವರಿಗೆ ನನ್ನ ವಿಷಯ ಗೊತ್ತಿರಲಿಲ್ಲ, ಪಾಠಕ್ಕಾಗಿಯೇ ಕೇಳಿದ್ದು.

“ಈ ಮಣ್ಣಿನ ಮಟ್ಟಿಗೆ ಅವಳು ಹೊರಗಿನವಳು.”

ಹಾಲಿನಲ್ಲಿ ಪೆನ್ನುಗಳ ಸದ್ದು ಮಾತ್ರ. ನನಗೆ ಭಯದ ಜೊತೆಗೇ ಬೆರಗೂ ಆಯಿತು, ಸುಳ್ಳು ಹೇಳುವುದಿಲ್ಲ. ಮಣ್ಣು ತಾನು ಬಂದ ದಾರಿಯನ್ನು ನೆನಪಿಟ್ಟುಕೊಂಡಿರುತ್ತದೆ, ನಾವು ಮರೆತರೂ ಕಾನೂನಿನ ಪುಸ್ತಕದಲ್ಲಿ ಅದರ ಹೆಜ್ಜೆಗುರುತು ಉಳಿದಿರುತ್ತದೆ. ಅಷ್ಟು ದೊಡ್ಡದೊಂದು ಯಂತ್ರದ ಕೆಳಗೆ ನಾನು ಐವತ್ತು ವರ್ಷ ಪೆನ್ನು ಹಿಡಿದು ಕೂತಿದ್ದೆ, ತಲೆಯೆತ್ತಿ ನೋಡಿರಲಿಲ್ಲ.

ಆಗಲಾದರೂ ಹೊರಟೆನೇ? ಇಲ್ಲ. ಆಷಾಢದಲ್ಲಿ ಪತ್ರ ಬರೆಸುವುದಕ್ಕೆ ಜನ ಒಪ್ಪುವುದಿಲ್ಲ, ಭೀಮನ ಅಮಾವಾಸ್ಯೆ ಕಳೆಯಲಿ ಎಂದುಕೊಂಡೆ. ಪಂಚಾಂಗದ ಹಿಂದೆ ಅವಿತುಕೊಂಡೆ. ಅಮಾವಾಸ್ಯೆಯ ಹಿಂದಿನ ದಿನ ಮಧ್ಯಾಹ್ನ ಚನ್ನಬಸಪ್ಪನ ಫೋನು ಬಂತು.

“ಗುಮಾಸ್ತ್ರೇ, ನಮ್ ಚಿಕ್ತಾಯಕ್ಕ ಓಗ್ಬುಟ್ಲು. ಬೆಳಿಗ್ಗೆ ಸೊಪ್ಪು ಬುಡುಸ್ತಿದ್ದೋಳು ಎದೆ ಇಡ್ಕೊಂಡು ಕೂತ್ಳು, ಅಷ್ಟೆಯ. ನೀವ್ ಬರ್ದಿದ್ ಕಾಗ್ದ ಅದಲ್ಲ, ರತ್ನಮ್ಮಂಗೆ ಏನೂ ತೊಂದ್ರೆ ಇಲ್ಲ ಬುಡಿ.”

ಆ ಸಂಜೆ ಸುಮಿತ್ರಾ ಅವರ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟರು.

“ಮೂರನೇ ಶನಿವಾರದಿಂದ ಗೊತ್ತಿತ್ತಾ ನಿಮಗೆ?”

“ಗೊತ್ತಿತ್ತಮ್ಮ.”

“ನನಗೆ ಒಂದು ಮಾತು ಹೇಳಿದ್ದರೆ ಕಾರಲ್ಲಿ ನಾನೇ ಕರ್ಕೊಂಡು ಹೋಗ್ತಿದ್ದೆ.”

“ಪುಟ್ಟಸ್ವಾಮೀನ ಕೇಳ್ಕೊಂಡ್ರೆ, ಅವನೂ ಅಲ್ಲೇ ಇದ್ದ ಅಂತ...”

“ನಂಜಪ್ಪಣ್ಣ.” ಅವರು ದನಿ ಏರಿಸಲಿಲ್ಲ. “ಆ ಮಾತನ್ನ ಮುಗಿಸಬೇಡಿ. ಮುಗಿಸಿದರೆ ನಾಳೆಯಿಂದ ನಿಮ್ಮನ್ನ ಈ ಕುರ್ಚಿ ಮೇಲೆ ನೋಡಕ್ಕೆ ನನ್ನ ಕೈಲಾಗಲ್ಲ. ಮೊದಲು ಆ ಹೆಣ್ಣುಮಗಳಿಗೆ ಹೇಳಿ. ಇನ್ನೂ ಎಷ್ಟು ಉಯಿಲು ಹೀಗಿವೆ?”

ನಾನು ಬರೆದ ಪತ್ರಗಳ ಹಳೆಯ ಪುಸ್ತಕಗಳನ್ನೆಲ್ಲ ತೆಗೆದು ಕೊಟ್ಟೆ. ಬರೆಸಿದವರಲ್ಲಿ ಇನ್ನೂ ಬದುಕಿದ್ದ ಹನ್ನೊಂದು ಜನರ ಪತ್ರಗಳಲ್ಲಿ ಪುಟ್ಟಸ್ವಾಮಿಯ ಮುತ್ತಿನಂಥ ರುಜು ಇತ್ತು.

ತಿಥಿಯ ಮಾರನೆಯ ದಿನ ನಾನು ಹಳ್ಳಿಗೆ ಹೋದೆ. ಹೊಗೆಸೊಪ್ಪು ಸಾವಿಗೆ ಕಾಯುವುದಿಲ್ಲ. ರತ್ನ ಬ್ಯಾರನ್ನಿನ ಮುಂದೆ ಕೂತು ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದಳು. ಬೆರಳುಗಳಿಗೆ ಅಂಟು ಹತ್ತಿ ಕಪ್ಪಾಗಿದ್ದವು. ಅವಳು ಅತ್ತೆಯನ್ನು ಅವ್ವ ಎಂದೇ ಕರೆಯುತ್ತಿದ್ದವಳು. ನಾನು ನಿಂತುಕೊಂಡೇ ಹೇಳಿದೆ. ಪುಟ್ಟಸ್ವಾಮಿಯ ಅಂಗಡಿ, ನನ್ನ ಬಿಕ್ಕಲಂ, ಮೇಡಂ ಪಾಠ, ನಾನು ಸುಮ್ಮನಿದ್ದ ಮೂರು ವಾರ. ಹೇಳುತ್ತ ನನಗೆ ಅಳು ಬಂತು. ಅವಳು ಕೈ ನಿಲ್ಲಿಸಲಿಲ್ಲ. ಆ ಕಡ್ಡಿ ತುಂಬುವವರೆಗೂ ಕಟ್ಟಿ, ಪಕ್ಕಕ್ಕಿಟ್ಟು, ಆಮೇಲೆ ಕೇಳಿದಳು:

“ಅವ್ವ ಸಾಯಾಕ್ ಮುಂಚೆ ಗೊತ್ತಿತ್ತು ನಿಮ್ಗೆ.”

“ಗೊತ್ತಿತ್ತು ತಾಯಿ.”

“ಬರ್ನಿಲ್ಲ.”

“ಬರ್ಲಿಲ್ಲ.”

“ಈಗ್ ಬಂದು ಅಳ್ತಾ ಇದ್ದೀರ. ನಿಮ್ ಅಳುನ ತಕ್ಕೊಂಡು ನಾನೇನ್ ಮಾಡ್ಲಿ ಸ್ವಾಮಿ? ಬ್ಯಾರನ್ನಿಗ್ ಆಕಿದ್ರೆ ಉರೀತದಾ?”

ನಾನು ಕಣ್ಣು ಒರೆಸಿಕೊಂಡೆ. ಅವಳು ಇನ್ನೊಂದು ಕಡ್ಡಿ ತೆಗೆದುಕೊಂಡಳು.

“ನಾ ಇದ್ನ ಯಾರ್ಗೂ ಯೋಳ್ದೆ ಸುಮ್ಕಿರ್ಬೋದು, ಅಲ್ವಾ? ಕಾಗ್ದ ನೋಡುದ್ರೆ ಸರಿಯಾಗೇ ಅದೆ.”

“ಸುಮ್ನಿರಬಹುದು. ನಿಮ್ಮತ್ತೆಯ ಅಣ್ಣನ ಮಕ್ಕಳು ಕೋರ್ಟಿಗೆ ಹೋದ್ರೆ ಮಾತ್ರ ನಾನು ಪ್ರಮಾಣ ಮಾಡಿ ನಿಜ ಹೇಳಬೇಕಾಗ್ತದೆ.”

ಬ್ಯಾರನ್ನಿನ ಒಲೆಯಲ್ಲಿ ಸೌದೆ ಜಾರಿದ ಸದ್ದಾಯಿತು. ಅವಳು ಎದ್ದು ಹೋಗಿ ಅದನ್ನು ಒಳಗೆ ನೂಕಿ ಬಂದಳು.

“ಮಾದೇವಣ್ಣನ ಮನೆ ಗೋಡೆಗೂ ನಮ್ ಗೋಡೆಗೂ ನಡುವೆ ಸಂದಿಲ್ಲ. ದಿನಾ ಅವ್ರ ಮಕ ನೋಡ್ಬೇಕು ನಾನು. ಓಗಿ ನೀವೇ ಯೋಳಿ. ನಂಗ್ ಯೋಳ್ದಂಗೇ ಯೋಳಿ. ಅಳು ಮಾತ್ರ ಬ್ಯಾಡ.”

ಮಹದೇವ ಚಿಕ್ಕತಾಯಮ್ಮನ ಅಣ್ಣನ ಹಿರಿಯ ಮಗ. ಅಣ್ಣ ಎಂದೋ ತೀರಿಕೊಂಡಿದ್ದ. ಮಹದೇವ ಮತ್ತು ಅವನ ತಮ್ಮ ಕುಮಾರ, ಇವರಿಬ್ಬರೇ ಈಗ ಕಾನೂನು ಹುಡುಕುವ ವಾರಸುದಾರರು. ನಾನು ಹೋದಾಗ ಇಬ್ಬರೂ ಜಗಲಿಯ ಮೇಲಿದ್ದರು. ಇನ್ನೊಂದು ಸಲ ಮೊದಲಿನಿಂದ ಹೇಳಿದೆ. ಹೇಳಿ ಮುಗಿಸಿದರೂ ಮಹದೇವನ ಮುಖದಲ್ಲಿ ಏನೂ ಬದಲಾಗಲಿಲ್ಲ.

“ನಂಗೊತ್ತಿತ್ತು ಗುಮಾಸ್ತ್ರೇ” ಎಂದ. “ನನ್ ಬೈಕಿಗೆ ಪಂಕ್ಚರ್ ಆಕೋನೂ ಅವ್ನೇಯ. ತಿಥಿ ಸಾಮಾನ್ ತರಕ್ ಓದಾಗ ಅವ್ನೇ ಕೇಳ್ದ, ‘ಯಾವ್ ಚಿಕ್ತಾಯಮ್ಮ ಕಣಣ್ಣ, ನಾನೇನಾರ ಸಾಕ್ಷಿ ಆಕಿದ್ನಾ’ ಅಂತ. ಅವ್ನು ಅತ್ತೇನ ಕಣ್ಣಲ್ಲೂ ಕಂಡಿಲ್ಲ.”

“ಮತ್ತೆ ಸುಮ್ಮನಿದ್ದಿರಲ್ಲ?”

“ನೀವು ಬತ್ತೀರೋ ಇಲ್ವೋ ನೋಡಮ ಅಂತಿದ್ದೆ.” ಅವನು ಎಲೆಯಡಿಕೆ ಉಗುಳಿ ಬಂದು ಕೂತ. “ಸಾಕ್ಷಿ ಪಾಕ್ಷಿ ಬುಡಿ. ನಾ ಕೇಳದು ಒಂದೇ. ಜಮೀನು ರತ್ನಂಗೆ ಅನ್ನೋ ಮಾತು ಅತ್ತೆ ಬಾಯಿಂದ ಬಂದದ್ದಾ? ಇಲ್ಲಾ ನೀವು ಬರಿಯೋರು ಸೇರ್ಸಿದ್ದಾ? ನಮ್ಮೇಲೆ ಕ್ವಾಪಕ್ಕೆ ಬರಿಸುದ್ಲಾ?”

ಅದನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ಕೋರ್ಟು ಕೇಳುವುದು ಹೆಬ್ಬೆಟ್ಟನ್ನು, ಮೇಡಂ ಕೇಳಿದ್ದು ಬಿಕ್ಕಲಂ ಅನ್ನು. ನಾನು ಕಣ್ಣು ಮುಚ್ಚಿ ಆ ದಿನವನ್ನು ನೆನೆದುಕೊಂಡು ಹೇಳಿದೆ. ಕರಡು ಬರೆದುಕೊಳ್ಳುವಾಗ ನಾನು ‘ನನ್ನ ಸೊಸೆಗೆ ಸೇರತಕ್ಕದ್ದು’ ಎಂದು ಓದಿದ್ದೆ. ಚಿಕ್ಕತಾಯಮ್ಮ ಕೈ ಅಡ್ಡ ಹಿಡಿದಳು. “ಸೊಸೆ ಅಂತ ಬರೀಬ್ಯಾಡಿ. ರತ್ನ ಅಂತ ಎಸರಾಕಿ. ಸೊಸೆ ಅಂದ್ರೆ ನನ್ ಮಗ ಓದ್ ದಿನ್ವೇ ಮುಗೀತು ಅಂತಾರೆ. ರತ್ನ ಅಂದ್ರೆ ಮುಗಿಯಕ್ಕಿಲ್ಲ” ಎಂದಳು. ಆಮೇಲೆ ಮತ್ತೂ ಒಂದು ಮಾತು ಹೇಳಿದ್ದಳು: “ನಮ್ಮಣ್ಣನ್ ಮಕ್ಳು ಕೆಟ್ಟೋರಲ್ಲ. ಅವ್ರಿಗೆ ಅವ್ರ ಅಪ್ಪನ್ದು ಅದೆ. ಇವ್ಳಿಗ್ ಯಾರ್ದೂ ಇಲ್ಲ.” ಅದು ಪತ್ರಕ್ಕೆ ಬೇಡದ ಮಾತು ಎಂದು ನಾನು ಬರೆದಿರಲಿಲ್ಲ.

ಮಹದೇವ ಹೆಗಲ ಮೇಲಿನ ಟವೆಲನ್ನು ತೆಗೆದು ಮುಖ ಒರೆಸಿಕೊಂಡ. ಮಳೆ ಬರುತ್ತಿರಲಿಲ್ಲ.

“ಅತ್ತೇನೇ. ಆ ಮಾತು ನಮ್ಮತ್ತೇದೇ ಕಣ್ರೀ” ಎಂದ. “ನನ್ ಪಾಲು ನಂಗ್ ಬ್ಯಾಡ.”

ಕುಮಾರ ಎದ್ದು ನಿಂತ. ಅವನು ಒರಟನಲ್ಲ. ಅಣ್ಣನ ಎದುರು ದನಿ ಏರಿಸಲೂ ಇಲ್ಲ. “ಅಣ್ಣ, ನಿಂದು ನೀ ಕೊಡು. ಕಾನೂನು ನಂಗ್ ಕೊಟ್ಟುದ್ದ ನಾ ಯಾಕ್ ಬುಡ್ಲಿ? ನಂಗೂ ಇಬ್ರು ಎಣ್ಮಕ್ಳವ್ರೆ. ಕಾಗ್ದ ನೆಟ್ಟಗಿದ್ದಿದ್ರೆ ನಾ ತುಟಿ ಬಿಚ್ತಿರ್ಲಿಲ್ಲ.” ಆಮೇಲೆ ನನ್ನ ಕಡೆ ತಿರುಗಿದ. “ನೀವ್ ನಿಜ ಯೋಳುದ್ರಿ. ನಾನೂ ನಿಜಾನೇ ಯೋಳ್ತಿದ್ದೀನಿ.”

ಅವನದು ತಪ್ಪೆಂದು ನಾನು ಹೇಗೆ ಹೇಳಲಿ. ಅವನ ಪಾಲಿಗೆ ಬಂದ ಒಂದು ಎಕರೆ ರತ್ನಳ ಕೈತಪ್ಪಿದ್ದು ನನ್ನ ಮೂರು ವಾರದ ಮೌನದಿಂದ. ಅದು ಕಾಲುವೆ ಬದಿಯ ಎಕರೆ, ಒಳ್ಳೆಯ ಮಣ್ಣು. ಇವತ್ತಿಗೂ ಅದರಲ್ಲಿ ಕುಮಾರನ ಬೆಳೆಯೇ ಇದೆ. ರತ್ನಳಿಗೆ ಉಳಿದದ್ದು ಮಹದೇವ ಬಿಟ್ಟುಕೊಟ್ಟ ಮೇಲಿನ ಎಕರೆ ಮತ್ತು ಬ್ಯಾರನ್ನು.

ಕೊನೆಯ ಶನಿವಾರದ ಪಾಠ ಟ್ರಸ್ಟಿನ ಬಗ್ಗೆ. ಟ್ರಸ್ಟಿ ಎಂದರೆ ಯಾರು ಎಂದು ಮೇಡಂ ಹೇಳುತ್ತಿದ್ದರು: ಕಾಗದದಲ್ಲಿ ಹೆಸರು ಅವನದು, ಆದರೆ ಆಸ್ತಿಯ ಒಂದು ಹುಲ್ಲುಕಡ್ಡಿಯೂ ಅವನದಲ್ಲ, ಬೇರೆಯವರಿಗಾಗಿ ಹಿಡಿದುಕೊಂಡಿರುವವನು. ಪಾಠ ಮುಗಿದ ಮೇಲೆ ನಾನು ಅನುಮತಿ ಕೇಳಿ, ಹಾಲಿನ ಹಿಂದಿನಿಂದ ಮುಂದಕ್ಕೆ ನಡೆದು ಹೋಗಿ, ನಲವತ್ತು ಜನ ವಕೀಲರೆದುರು ನನ್ನ ತಪ್ಪನ್ನು ಹೇಳಿದೆ. ಚಿಕ್ಕತಾಯಮ್ಮನ ಹೆಸರು ಹೇಳಲಿಲ್ಲ, ನನ್ನ ಹೆಸರು ಹೇಳಿದೆ. ಯಾರಾದರೂ ಬಯ್ಯುತ್ತಾರೆ ಎಂದು ಕಾದೆ. ಬಸವರಾಜು ವಕೀಲರು ಕುರ್ಚಿಯ ಕೈ ಹಿಡಿದು ನಿಧಾನವಾಗಿ ಎದ್ದರು.

“ನಂದೂ ಮೂರಿವೆ ಮೇಡಂ, ಹೀಗೇ ಮಾಡಿಸಿದ್ದು. ಇಬ್ಬರು ಇನ್ನೂ ಬದುಕಿದ್ದಾರೆ” ಎಂದರು.

ಆಮೇಲೆ ಇನ್ನೊಬ್ಬರು ಎದ್ದರು. ಆಮೇಲೆ ಮತ್ತೊಬ್ಬರು. ನ್ಯಾಯಾಧೀಶರ ಮುಂದೆ ಸೂಜಿಮೊನೆಯಷ್ಟೂ ಬಿಟ್ಟುಕೊಡದ ಕರಿಕೋಟಿನ ಜನ, ತಗಡಿನ ಮೇಲೆ ಮಖೆ ಮಳೆ ಬಡಿಯುತ್ತಿರುವಾಗ, ಒಬ್ಬೊಬ್ಬರಾಗಿ ಎದ್ದು ನನಗೂ ಇದೆ, ನನಗೂ ಇದೆ ಎನ್ನುತ್ತಿದ್ದರು. ಮೇಡಂ ಕೂಡ ಎದ್ದು ನಿಂತೇ ಕೇಳಿದರು. ದೇವಸ್ಥಾನದಲ್ಲಿಯೂ ನನಗೆ ಅಷ್ಟು ಭಯಭಕ್ತಿ ಉಂಟಾಗಿಲ್ಲ.

ಆ ಮಳೆಗಾಲದ ಉಳಿದ ದಿನಗಳು ಸುಮಿತ್ರಾ ಅವರ ಸಣ್ಣ ಕಾರಿನಲ್ಲೇ ಕಳೆದವು. ಮಿರ್ಲೆಯಲ್ಲಿ ಗದ್ದೆಯ ಬದುವಿನ ಮೇಲೆ, ಎಚ್.ಡಿ. ಕೋಟೆಯ ಕಡೆ ಒಂದು ಹತ್ತಿಯ ಹೊಲದಂಚಿನಲ್ಲಿ, ಹನ್ನೊಂದು ಮನೆಗಳ ಮುಂದೆ ನಾನು ಅದೇ ಮಾತು ಹೇಳಿದೆ: ನಿಮ್ಮ ಉಯಿಲನ್ನು ಕೆಡಿಸಿದ್ದೇನೆ, ಮತ್ತೆ ಬರೆಯೋಣ. ಕೋಟೆಯ ಒಬ್ಬ ಮುದುಕ ಬಿದ್ದು ಬಿದ್ದು ನಕ್ಕ. “ನಾ ಸತ್ಮೇಲ್ ಬರ್ಬೇಕಿತ್ತು ನೀನು, ನನ್ ಮಕ್ಳು ಒಡ್ದಾಡದ್ನಾದ್ರೂ ನೋಡ್ಬೋದಿತ್ತು” ಎಂದ. ಆದರೆ ಹೆಬ್ಬೆಟ್ಟು ಒತ್ತುವ ಹೊತ್ತಿಗೆ ಅವನ ನಗು ನಿಂತಿತ್ತು. ಯಾರೂ ನನ್ನನ್ನು ಮನೆಯಿಂದ ಹೊರಗೆ ಹಾಕಲಿಲ್ಲ. ಹಾಕಿದ್ದರೆ ಹಗುರವಾಗುತ್ತಿತ್ತೇನೋ.

ಮಹದೇವ ರತ್ನಳಿಗೆ ದಾನಪತ್ರ ಬರೆದುಕೊಡುವುದೆಂದು ಸುಮಿತ್ರಾ ದಾರಿ ತೋರಿಸಿದರು. ಅಣ್ಣ ತಮ್ಮಂದಿರ ಹೆಸರಿಗೆ ಖಾತೆಯಾಗಿ, ಸರ್ವೆಯಾಗಿ, ನೋಂದಣಿಯ ದಿನ ಬರುವಷ್ಟರಲ್ಲಿ ಹೊಗೆಸೊಪ್ಪಿನ ಹರಾಜು ಶುರುವಾಗಿತ್ತು. ಪಿರಿಯಾಪಟ್ಟಣದ ಸಬ್‌ರಿಜಿಸ್ಟ್ರಾರ್ ಆಫೀಸಿನ ಮೆಟ್ಟಿಲು ಹತ್ತಿ ಒಳಗೆ ನಾವು ಸೇರಿದೆವು. ನಾನು ಪತ್ರ ಬರೆದು ತಂದಿರಲಿಲ್ಲ, ಖಾಲಿ ಹಾಳೆ ಮತ್ತು ಪೆನ್ನು ಮಾತ್ರ ತಂದಿದ್ದೆ. ಎಲ್ಲರ ಮುಂದೆ ಕೂತು ಬರೆಯಬೇಕೆಂದಿದ್ದೆ. ಅದನ್ನು ಪ್ರಾಯಶ್ಚಿತ್ತ ಎಂದುಕೊಂಡಿದ್ದೆ.

ರತ್ನ ಹಾಳೆಯನ್ನು ನನ್ನ ಕೈಯಿಂದ ತೆಗೆದು ಸುಮಿತ್ರಾ ಅವರ ಕೈಗೆ ಕೊಟ್ಟಳು.

“ಅಮ್ಮಾವ್ರೆ ಬರೀಲಿ. ಇಲ್ಲಾ ಟೈಪ್ ಒಡಿಸ್ಲಿ. ನೀವು ಬರೀಬ್ಯಾಡಿ ಸ್ವಾಮಿ.”

ನಾನು ತಲೆ ತಗ್ಗಿಸಿದೆ. ಅದು ನ್ಯಾಯವೇ. ಹೊರಗೆ ಹೋಗಿ ನಿಲ್ಲೋಣ ಎಂದು ತಿರುಗಿದೆ.

“ಎಲ್ಗೋಯ್ತೀರ?” ಎಂದಳು. “ನೀವು ನೋಡ್ಬೇಕು. ಇಲ್ ನಿಂತ್ಕೊಂಡು, ಮಾದೇವಣ್ಣ ರುಜು ಆಕದ್ನ ಕಣ್ಬುಟ್ಟು ನೋಡಿ. ನೋಡ್ಬುಟ್ಟು ಆಮೇಲ್ ಆಕಿ, ಸಾಕ್ಷಿ ಅಂತ.”

ಸುಮಿತ್ರಾ ಪತ್ರ ಸಿದ್ಧಪಡಿಸಿದ ಮೇಲೆ ಒಂದು ಕಡೆ ಚನ್ನಬಸಪ್ಪ, ಇನ್ನೊಂದು ಕಡೆ ನಾನು ನಿಂತೆವು. ಮಹದೇವ ಕುರ್ಚಿಯ ತುದಿಯಲ್ಲಿ ಕೂತು ಪೆನ್ನು ಹಿಡಿದ. ಐವತ್ತು ವರ್ಷದಲ್ಲಿ ಎಷ್ಟೋ ಜನ ನನ್ನೆದುರು ರುಜು ಹಾಕಿರಬೇಕು. ಆ ಹೊತ್ತಿನಲ್ಲಿ ನಾನು ಯಾವಾಗಲೂ ನನ್ನ ಅಕ್ಷರವನ್ನೇ ನೋಡುತ್ತಿದ್ದೆ. ಅಂದು ಮೊದಲ ಸಲ ಒಬ್ಬ ಮನುಷ್ಯ ತನ್ನ ಮಣ್ಣನ್ನು ಬಿಟ್ಟುಕೊಡುವುದನ್ನು ನೋಡಿದೆ. ಅವನ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಕೆಂಪು ಮಣ್ಣಿತ್ತು. ‘ಮ’ ಬರೆಯುವಾಗ ಕೈ ಗಟ್ಟಿಯಾಗಿತ್ತು, ‘ಹ’ ಬರೆದು ಒಂದು ಕ್ಷಣ ನಿಂತಿತು. ಅಲ್ಲಿ ಅವನು ಬೇಡವೆನ್ನಬಹುದಾಗಿತ್ತು, ಯಾರೂ ಕೇಳುವಂತಿರಲಿಲ್ಲ. ಅವನು ಉಸಿರೆಳೆದುಕೊಂಡು ಉಳಿದ ಎರಡು ಅಕ್ಷರಗಳನ್ನೂ ಬರೆದ. ಬರೆದು, ಹಾಳೆಯನ್ನಾಗಲಿ ರತ್ನಳನ್ನಾಗಲಿ ನೋಡಲಿಲ್ಲ, ನನ್ನನ್ನು ನೋಡಿದ.

“ಕಂಡ್ರಾ?” ಎಂದ.

“ಕಂಡೆ ಮಹದೇವ” ಎಂದೆ, ಮತ್ತು ಪೆನ್ನಿಗಾಗಿ ಕೈ ಚಾಚಿದೆ.